ರಾಕಿಗೆ ಪ್ರತಿಮೆ, ಫ್ರೇಜಿಯರ್‌ಗೆ ಏನು?

ಬಾಕ್ಸಿಂಗ್ ಸಿನಿಮಾಗಳಲ್ಲಿ ಯಾವುದು ಶ್ರೇಷ್ಠ ಎಂಬ ಜಗಳ ಈಗ ನಮ್ಮ ಶಿಗ್ಗಾಂವಿ, ಸವಣೂರಿನ ಹುಡುಗರ ನಡುವೆಯೂ ನಡೆಯುತ್ತದೆ. ಮೊಬೈಲಿನ ಕೃಪೆ. ನಲವತ್ತು ದಾಟಿದವರು ‘ರಾಕಿ’ (1976), ‘ರೇಜಿಂಗ್ ಬುಲ್’ (1980) ಹೆಸರು ಹೇಳಿ, ‘ಅಂಥಾವು ಇನ್ನ ಬರೂದಿಲ್ಲ ಬಿಡ್ರಿ’ ಎಂದು ತೀರ್ಪು ಕೊಡುತ್ತಾರೆ. ಇಪ್ಪತ್ತರ ಹುಡುಗರು ‘ಕ್ರೀಡ್’ (2015), ‘ಸಾರ್ಪಟ್ಟ ಪರಂಬರೈ’ (2021) ಎನ್ನುತ್ತಾರೆ. ಈ ಹಳತು ಹೊಸತರ ವಾದವೇ ಪೊಳ್ಳು ಎಂಬುದು ನನ್ನ ತಕರಾರು. ಯಾರು ಸುರಿಸಿದ ಬೆವರು ಯಾರ ಹೆಸರಿಗೆ ಜಮೆಯಾಯಿತು ಎಂಬ ಲೆಕ್ಕವನ್ನು ಮೊದಲು ಕೇಳಬೇಕು.

‘ರಾಕಿ’ಯನ್ನೇ ತೆಗೆದುಕೊಳ್ಳಿ. 1975ರ ಮಾರ್ಚ್ 24ರಂದು ಚಕ್ ವೆಪ್ನರ್ ಎಂಬ ಬಿಳಿಯ ಬಾಕ್ಸರ್ ಮುಹಮ್ಮದ್ ಅಲಿಯ ಎದುರು ಹದಿನೈದನೆಯ ಸುತ್ತಿನವರೆಗೆ ನಿಂತ. ಅದನ್ನು ನೋಡಿದ ಸಿಲ್ವೆಸ್ಟರ್ ಸ್ಟಾಲೋನ್ ‘ರಾಕಿ’ಯ ಕಥೆ ಬರೆದರು. ಅದರಲ್ಲಿ ಅಲಿಯ ನೆರಳು ಅಪೊಲೊ ಕ್ರೀಡ್. ನಿಜವಾದ ಅಲಿ 1967ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋಗಲಾರೆ ಎಂದು ಪಟ್ಟ ಕಳೆದುಕೊಂಡವರು. ದೇಹದ ಕಸುವು ತುಂಬಿದ್ದ ಮೂರೂವರೆ ವರ್ಷ ಕಣದ ಹೊರಗಿದ್ದವರು. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅವರ ಶಿಕ್ಷೆಯನ್ನು ರದ್ದು ಮಾಡಬೇಕಾಯಿತು. ಸಿನಿಮಾದ ಅಪೊಲೊ ಮಾತ್ರ ಧ್ವಜದ ಬಣ್ಣದ ಬಟ್ಟೆ ತೊಟ್ಟು ಕುಣಿಯುವ ಬಡಾಯಿಗಾರ. ಅಲಿಯ ಮಾತುಗಾರಿಕೆ ಉಳಿಯಿತು, ಆ ಮಾತಿನ ಹಿಂದಿದ್ದ ಈಮಾನು ಹೋಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ರಾಕಿ ಕಸಾಯಿಖಾನೆಯಲ್ಲಿ ತೂಗುಬಿದ್ದ ಮಾಂಸಕ್ಕೆ ಗುದ್ದಿ ತಾಲೀಮು ಮಾಡುತ್ತಾನಲ್ಲ, ಅದು ಫಿಲಡೆಲ್ಫಿಯಾದ ಜೋ ಫ್ರೇಜಿಯರ್ ಬದುಕಿನಿಂದ ಬಂದದ್ದು. ಕಸಾಯಿಖಾನೆಯಲ್ಲಿ ದುಡಿದು ಲೋಕದ ಚಾಂಪಿಯನ್ ಆದ ಕಪ್ಪು ಮನುಷ್ಯ ಫ್ರೇಜಿಯರ್. 1971ರಲ್ಲಿ ಅಲಿಯನ್ನು ಸೋಲಿಸಿದವರೂ ಅವರೇ. ‘ರಾಕಿ’ಯಲ್ಲಿ ಅವರಿಗೆ ಸಿಕ್ಕಿದ್ದು ಕಣಕ್ಕೆ ಬಂದು ಕೈಕುಲುಕಿ ಹೋಗುವ ಕ್ಷಣದ ಪಾತ್ರ. ಕೊನೆಗಾಲದಲ್ಲಿ ತಮ್ಮ ಜಿಮ್ಮಿನ ಮೇಲಿನ ಮನೆಯಲ್ಲಿ ದಿನ ದೂಡಿ 2011ರಲ್ಲಿ ತೀರಿಕೊಂಡರು. ಹುಟ್ಟೇ ಇರದ ರಾಕಿಗೆ ಎಂಬತ್ತರ ದಶಕದಲ್ಲೇ ಕಂಚಿನ ಪ್ರತಿಮೆ ಆ ಊರಿನಲ್ಲಿ ಬಂದಿತ್ತು. ಫ್ರೇಜಿಯರ್ ಪ್ರತಿಮೆ ನಿಂತದ್ದು 2015ರಲ್ಲಿ, ಅವರು ಸತ್ತು ನಾಲ್ಕು ವರ್ಷಗಳಾದ ಮೇಲೆ.

ಇನ್ನೂ ಹಿಂದೆ ಹೋದರೂ ಇದೇ ಹಾಡು. ರಾಬರ್ಟ್ ವೈಸ್ ಅವರ ‘ದಿ ಸೆಟ್-ಅಪ್’ (1949) ನನಗೆ ಬಹಳ ಇಷ್ಟದ ಚಿತ್ರ. ಮೂವತ್ತೈದು ವರ್ಷದ ದಣಿದ ಬಾಕ್ಸರ್‌ನ ಒಂದು ರಾತ್ರಿಯ ಕಥೆ. ಅವನು ಸೋಲುತ್ತಾನೆಂದು ಮ್ಯಾನೇಜರ್ ಅವನಿಗೇ ಹೇಳದೆ ಹಣ ತಿಂದಿರುತ್ತಾನೆ. ಈ ಚಿತ್ರಕ್ಕೆ ಆಧಾರವಾದ ಕಥನಕವನದಲ್ಲಿ ಆ ಬಾಕ್ಸರ್ ಕಪ್ಪು ಮನುಷ್ಯ. ತೆರೆಗೆ ಬರುವಾಗ ಬಿಳಿಯನಾದ. ಹಳೆಯ ಚಿತ್ರಗಳನ್ನು ಹೊಗಳುವ ನಮ್ಮ ಹಿರಿಯರು ಈ ಬಣ್ಣ ಬದಲಾವಣೆಯ ಬಗ್ಗೆ ಬಾಯಿ ಬಿಡುವುದಿಲ್ಲ. ‘ರೇಜಿಂಗ್ ಬುಲ್’ ಬೇರೆ ಜಾತಿಯದು. ಕಣದ ಏಟು ಮನೆಯೊಳಗೆ ಹೆಂಡತಿಯ ಮೈಮೇಲೆ ಹೇಗೆ ಬೀಳುತ್ತದೆಂದು ಅದು ತೋರಿಸುತ್ತದೆ. ಅದಕ್ಕೆ ನನ್ನ ಸಲಾಂ ಇದೆ.

ಹಾಗೆಂದು ಹೊಸ ಹುಡುಗರು ಗೆದ್ದರೆಂದಲ್ಲ. ‘ತೂಫಾನ್’ (2021) ನೋಡಿ. ನಾಯಕ ಅಜೀಜ್ ಅಲಿ ಡೋಂಗ್ರಿಯ ವಸೂಲಿ ಗೂಂಡಾ. ನಮ್ಮ ಹುಡುಗ ತೆರೆಯ ಮೇಲೆ ಒಳ್ಳೆಯವನಾಗಬೇಕಾದರೆ ಮೊದಲು ಗೂಂಡಾ ಆಗಿರಲೇಬೇಕೇ? ಬೇರೆ ಧರ್ಮದ ಹುಡುಗಿಯನ್ನು ಮದುವೆಯಾದ ಅವನಿಗೆ ಬಾಡಿಗೆ ಮನೆ ಸಿಗದ ಭಾಗ ಸತ್ಯವಾಗಿದೆ, ಒಪ್ಪುತ್ತೇನೆ. ಆದರೆ ನಿಜಾಮಾಬಾದಿನ ನಿಖತ್ ಜರೀನ್ 2022ರಲ್ಲಿ ಇಸ್ತಾಂಬುಲ್‌ನಲ್ಲಿ, 2023ರಲ್ಲಿ ದಿಲ್ಲಿಯಲ್ಲಿ ವಿಶ್ವ ಚಾಂಪಿಯನ್ ಆದಳು. ಅವಳು ಗೂಂಡಾ ಆಗಿರಲಿಲ್ಲ, ಮಗಳ ಬೆನ್ನಿಗೆ ನಿಂತ ಅಪ್ಪ ಇದ್ದರು. ಇಂಥ ಮನೆ ನಮ್ಮ ಕಥೆಗಾರರಿಗೆ ಯಾಕೆ ಕಾಣುವುದಿಲ್ಲ? ‘ಮೇರಿ ಕೋಮ್’ (2014) ಮಾಡಿದವರಿಗೆ ಮಣಿಪುರದ ಮುಖವೇ ಬೇಡವಾಯಿತು. ಪ್ರಿಯಾಂಕಾ ಚೋಪ್ರಾ ಸಾಕಾಯಿತು.

ನನ್ನ ಲೆಕ್ಕದಲ್ಲಿ ‘ಸಾರ್ಪಟ್ಟ’ ಇವೆಲ್ಲಕ್ಕಿಂತ ಒಂದು ತೂಕ ಹೆಚ್ಚು. ಪಾ. ರಂಜಿತ್ ಉತ್ತರ ಮದ್ರಾಸಿನ ದುಡಿಯುವ ಕೇರಿಯನ್ನು, ತುರ್ತುಪರಿಸ್ಥಿತಿಯ ದಿನಗಳನ್ನು, ಕಬಿಲನ್‌ನ ಕೈಗವಸಿನೊಳಗೆ ಸೇರಿಸಿದರು. ಅಲ್ಲಿ ಗುರುವಿಗೆ ಪಕ್ಷವಿದೆ, ಶಿಷ್ಯನಿಗೆ ಜಾತಿಯಿದೆ, ಸೋತವನಿಗೆ ಕುಡಿತವಿದೆ. ಅನುರಾಗ್ ಕಶ್ಯಪ್ ಅವರ ‘ಮುಕ್ಕಾಬಾಜ್’ ಕೂಡ ಬರೇಲಿಯ ಬಾಕ್ಸರ್‌ಗೆ ಪದಕಕ್ಕಿಂತ ರೈಲ್ವೆ ನೌಕರಿ ಯಾಕೆ ದೊಡ್ಡದೆಂದು ಅರಿತ ಚಿತ್ರ. ನಮ್ಮ ಕಡೆ ಮಣ್ಣಿಗಿಳಿಯುವ ಹುಡುಗರನ್ನು ಕೇಳಿ, ಪೊಲೀಸು, ಮಿಲಿಟರಿ ಭರ್ತಿಯ ಮಾತೇ ಮೊದಲು ಬರುತ್ತದೆ.

ಕನ್ನಡದ್ದು ಏನು? ಪುನೀತ್ ಅವರ ‘ಮೌರ್ಯ’ (2004) ತೆಲುಗಿನಿಂದ ತಂದದ್ದು. ಧನಂಜಯ ಅವರ ‘ಬಾಕ್ಸರ್’ (2015) ಬಂದು ಹೋಯಿತು. ಸುದೀಪ್ ಅವರ ‘ಪೈಲ್ವಾನ್’ (2019) ದೊಡ್ಡ ಸದ್ದು ಮಾಡಿತು. ಅದರಲ್ಲಿ ಕುಸ್ತಿ ಮೊದಲರ್ಧ, ಬಾಕ್ಸಿಂಗ್ ಎರಡನೆಯರ್ಧ. ಮಣ್ಣಿನಿಂದ ರಿಂಗಿಗೆ ಹತ್ತುವುದು ಬಡ್ತಿ ಎಂಬಂತೆ! ಗುರುವಿನ ಪಾತ್ರಕ್ಕೆ ಮುಂಬೈನಿಂದ ಸುನೀಲ್ ಶೆಟ್ಟಿ ಬಂದರು. (ಶೆಟ್ಟರು ಮೂಲ್ಕಿಯವರು, ಅದು ಬೇರೆ ಮಾತು.) ‘ಗರಡಿ’ (2023) ನಮ್ಮ ಹಿರೇಕೆರೂರಿನಿಂದ ಹಲವು ಸಲ ಶಾಸಕರಾಗಿದ್ದ ಬಿ.ಸಿ. ಪಾಟೀಲರ ಮನೆಯ ಸಂಸ್ಥೆಯಿಂದಲೇ ಬಂತು, ಯೋಗರಾಜ್ ಭಟ್ಟರು ನಿರ್ದೇಶಿಸಿದರು. ಹೆಸರು ಕೇಳಿ ಆಸೆಯಾಗಿತ್ತು. ಹಾಡು, ಪ್ರೇಮ, ಹೊಡೆದಾಟಗಳು ತಮ್ಮ ಪಾಲು ತೆಗೆದುಕೊಂಡ ಮೇಲೆ ಕುಸ್ತಿಗೆ ಉಳಿದದ್ದು ಸ್ವಲ್ಪ. ಮೈಸೂರಿನ ಗರಡಿಯಿಂದ ಬಂದ ಎಂ.ಪಿ. ಶಂಕರ್ ನಿಜವಾದ ಪೈಲ್ವಾನರು. ಅಂಥವರನ್ನೂ ನಮ್ಮ ಚಿತ್ರರಂಗ ಬಹುಪಾಲು ನಾಯಕನ ಕೈಯಲ್ಲಿ ಏಟು ತಿನ್ನಲು ಬಳಸಿತು.

ಗರಡಿಯ ಮಾತುಗಳನ್ನೇ ಒಮ್ಮೆ ಕೇಳಿ. ಗರಡಿ ನಮ್ಮದು. ಕುಸ್ತಿ, ಪೈಲ್ವಾನ, ಉಸ್ತಾದ ಫಾರಸಿಯವು. ತಾಲೀಮು ಅರಬಿಯದು. ಗೋಡೆಯ ಮೇಲೆ ಹನುಮಪ್ಪ, ಕೆಳಗೆ ಅದೇ ಕೆಮ್ಮಣ್ಣನ್ನು ಹಣೆಗೆ ಮುಟ್ಟಿಸಿ ಕಣಕ್ಕಿಳಿಯುವ ಸಾಬರ ಹುಡುಗ. ಜಾತ್ರೆಯಲ್ಲಿ ಕುಸ್ತಿ, ಉರುಸಿನಲ್ಲೂ ಕುಸ್ತಿ. ಹಲಗೆಯ ಪೆಟ್ಟು ಎರಡೂ ಕಡೆ ಒಂದೇ. ಸೌಹಾರ್ದದ ಭಾಷಣ ಬಿಗಿಯಲು ಇದನ್ನು ಹೇಳುತ್ತಿಲ್ಲ. ಇದು ಕಥೆಗೆ ಬೇಕಾದ ಕಚ್ಚಾ ಸಾಮಾನು, ಬಳಸುವವರಿಲ್ಲದೆ ಬಿದ್ದಿದೆ. ‘ನೀನು ಯಾರವ’ ಎಂದು ಕೇಳದೆ ಜೋಡಿ ಹಚ್ಚುತ್ತಿದ್ದ ಕಣದಲ್ಲಿ ಆ ಪ್ರಶ್ನೆ ಕೇಳತೊಡಗಿದರೆ ಏನಾದೀತು? ಒಂದು ಸಿನಿಮಾಕ್ಕೆ ಇದಕ್ಕಿಂತ ಬಿಗಿಯಾದ ಕಥೆ ಬೇಕೆ?

ಗೊಟಗೋಡಿಯಲ್ಲಿ ಹೆದ್ದಾರಿ ಬದಿಯ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಸೊಲಬಕ್ಕನವರ ಮಾಸ್ತರರು ಸಿಮೆಂಟಿನಲ್ಲಿ ಒಂದು ಹಳ್ಳಿಯನ್ನೇ ಕಟ್ಟಿಸಿದರು. ರಾಜ್‌ಕುಮಾರ್ ಅವರ ಸಿನಿಮಾ ಪಾತ್ರಗಳು ಅಲ್ಲಿ ನಿಂತಿವೆ; ಹೆಸರಿಲ್ಲದ ದುಡಿಯುವ ಜನರೂ ಅಷ್ಟೇ ಎತ್ತರಕ್ಕೆ ನಿಂತಿದ್ದಾರೆ. ಫಿಲಡೆಲ್ಫಿಯಾದವರಿಗೆ ಬಹಳ ವರ್ಷ ಹೊಳೆಯದ ಮಾತು ಇದು. ಅದೇ ಗೊಟಗೋಡಿಯಲ್ಲಿ 2011ರಲ್ಲಿ ಶುರುವಾದ ಜಾನಪದ ವಿಶ್ವವಿದ್ಯಾಲಯವೂ ಇದೆ. ಮುಂದಿನ ಕುಸ್ತಿ ಚಿತ್ರದ ನಿರ್ದೇಶಕರು ಫೈಟ್ ಮಾಸ್ಟರನ್ನು ಗೊತ್ತುಮಾಡುವ ಮೊದಲು ಇಲ್ಲಿಗೆ ಬರಲಿ. ಹಾನಗಲ್ಲ, ಸವಣೂರ ಕಡೆಯ ಎರಡು ಜಾತ್ರೆ, ಒಂದು ಉರುಸು ನೋಡಲಿ. ಕಿವಿ ಮುದುಡಿದ ಮುದುಕ ಉಸ್ತಾದರು ಮಾತಿಗೆ ಸಿಗುತ್ತಾರೆ. ಚಹಾದ ಖರ್ಚು ಮಾತ್ರ ನಿರ್ದೇಶಕರದು.