ಗದ್ದಲಕ್ಕೆ ಒಂದೇ ಅರ್ಥವಲ್ಲ



ಇಂದು ಒಂದು ಪುಸ್ತಕದೊಡನೆ ಜಗಳವಾಡಲೆಂದೇ ಬರೆಯಲು ಕುಳಿತಿದ್ದೇನೆ. ನನ್ನ ತಮ್ಮನ ಮೊಮ್ಮಗಳು ಈ ವರ್ಷ ಹತ್ತನೆಯ ತರಗತಿಯಲ್ಲಿದ್ದಾಳೆ. ಅವಳ ಇಂಗ್ಲಿಷ್ ಗೈಡಿನಲ್ಲಿ ‘ಲೌಡ್’ ಎಂಬ ಪದದ ಮುಂದೆ ಸಮಾನಾರ್ಥಕಗಳೆಂದು ಹೀಗೆ ಪೋಣಿಸಿದ್ದಾರೆ: ನಾಯ್ಸಿ, ಬಾಯ್‌ಸ್ಟರಸ್, ರೌಡಿ, ವೊಸಿಫರಸ್, ಸ್ಟೆಂಟೋರಿಯನ್. ಅದರ ಕೆಳಗೆ, ಗದ್ದಲದ ಸ್ಥಳಕ್ಕೆ ಬೆಡ್ಲಮ್ ಮತ್ತು ಪ್ಯಾಂಡಿಮೋನಿಯಮ್. ಇಷ್ಟೂ ಪದಗಳಿಗೆ ಕನ್ನಡದಲ್ಲಿ ಕೊಟ್ಟಿರುವ ಅರ್ಥ ಒಂದೇ ಒಂದು: ‘ಗದ್ದಲ’. ಕಂಠಪಾಠ ಮಾಡಿದರೆ ಎರಡು ಅಂಕ ಖಚಿತವೆಂಬ ಆಶ್ವಾಸನೆ ಬೇರೆ.

ಹುಡುಗಿ ಪಾಪ, ಈ ಪಟ್ಟಿಯನ್ನು ನಂಬಿ ಊರ ಜಾತ್ರೆಯ ಮೇಲೆ ಪ್ರಬಂಧವೊಂದನ್ನು ಬರೆದಿದ್ದಾಳೆ. ತೇರು ಎಳೆಯುವ ಹೊತ್ತಿನಲ್ಲಿ ರಥಬೀದಿಯು ಪ್ಯಾಂಡಿಮೋನಿಯಮ್ ಆಗಿತ್ತಂತೆ! ‘ಉತ್ತಮ ಪದಪ್ರಯೋಗ’ ಎಂದು ಅಂಚಿನಲ್ಲಿ ಕೆಂಪು ಶಾಯಿಯ ಪ್ರಶಂಸೆಯೂ ಇದೆ. ಆ ಪದವನ್ನು ಟಂಕಿಸಿದವನು ಮಿಲ್ಟನ್ ಮಹಾಕವಿ. 1667ರಲ್ಲಿ ಪ್ರಕಟವಾದ ‘ಪ್ಯಾರಡೈಸ್ ಲಾಸ್ಟ್’ ಕಾವ್ಯದಲ್ಲಿ ಅದು ನರಕದ ರಾಜಧಾನಿಯ ಹೆಸರು. ಸಕಲ ಪಿಶಾಚಗಳ ನೆಲೆ ಎಂಬುದು ಅದರ ಗ್ರೀಕ್ ಮೂಲದ ಅರ್ಥ. ಆ ಕಾವ್ಯದ ಪಿಶಾಚಗಳಾದರೋ ಅಲ್ಲಿ ಸಭೆ ಸೇರಿ ಒಬ್ಬರಾದ ಮೇಲೊಬ್ಬರು ಸರದಿಯಂತೆ ಭಾಷಣ ಮಾಡುತ್ತವೆ. ನಮ್ಮ ಶಾಸನಸಭೆಗಳಿಗಿಂತ ಎಷ್ಟೋ ಮೇಲು. ಗದ್ದಲ, ಗೊಂದಲ ಎಂಬ ಅರ್ಥ ಆ ಪದಕ್ಕೆ ಅಂಟಿಕೊಂಡದ್ದು ಬಹಳ ಕಾಲದ ಮೇಲೆ. ಇಂದಿಗೂ ಅದು ಹತೋಟಿ ತಪ್ಪಿದ, ಭಯ ಹುಟ್ಟಿಸುವ ಕೋಲಾಹಲವನ್ನೇ ಸೂಚಿಸುತ್ತದೆ. ಭಕ್ತರ ಜಯಘೋಷಕ್ಕೆ ಈ ಪದವೇ?

ನನ್ನ ವಾದವಿಷ್ಟೇ: ಶಬ್ದವನ್ನು ಕುರಿತ ಇಂಗ್ಲಿಷ್ ಪದಗಳಲ್ಲಿ ಬಹುಪಾಲು ಶಬ್ದದ ಪ್ರಮಾಣವನ್ನು ಹೇಳುವುದಿಲ್ಲ, ಶಬ್ದ ಮಾಡಿದವರ ಮೇಲೆ ತೀರ್ಪು ಕೊಡುತ್ತವೆ. ತೀರ್ಪನ್ನು ಮುಚ್ಚಿಟ್ಟು ಪದವನ್ನು ಮಾತ್ರ ಮಕ್ಕಳ ಕೈಗೆ ಕೊಡುವುದು ಕಲಿಸುವಿಕೆ ಅಲ್ಲ.

ಮೊದಲ ಎರಡನ್ನೇ ನೋಡಿ. ಗುಡುಗು ಲೌಡ್; ಅದನ್ನು ಯಾರೂ ನಾಯ್ಸಿ ಎನ್ನುವುದಿಲ್ಲ. ದೇವಸ್ಥಾನದ ಘಂಟೆಯೂ ಹಾಗೆಯೇ. ಘಂಟೆಯನ್ನು ನಾಯ್ಸಿ ಎಂದವನು ಅದು ತನಗೆ ಬೇಡವಾಗಿದೆ ಎಂಬುದನ್ನೂ ಜೊತೆಗೆ ಹೇಳಿದಂತಾಯಿತು. ಲೌಡ್ ಎಂಬುದನ್ನು ಉಪಕರಣ ಅಳೆಯಬಲ್ಲದು, ನಾಯ್ಸ್ ಎಂಬುದನ್ನು ಮನುಷ್ಯನೇ ನಿರ್ಧರಿಸಬೇಕು. ನಮ್ಮ ದೇಶದ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಮಿತಿ ಹಾಕಿವೆ. ಆದರೆ ನಲ್ಲಿಯಿಂದ ತೊಟ್ಟಿಕ್ಕುವ ನೀರು ಆ ಮಿತಿಯ ಎಷ್ಟೋ ಕೆಳಗಿದ್ದರೂ ನಿದ್ದೆ ಬಾರದವನಿಗೆ ಅದೇ ನಾಯ್ಸ್.

ಇನ್ನು ಮನುಷ್ಯರ ವಿಷಯ. ಮಧ್ಯಾಹ್ನದ ಬಿಡುವಿನಲ್ಲಿ ನಲವತ್ತು ಹುಡುಗರು ಅಂಗಳದಲ್ಲಿ ಕೂಗಾಡುತ್ತಿದ್ದಾರೆ ಎಂದುಕೊಳ್ಳಿ. ಅವರನ್ನು ಬಾಯ್‌ಸ್ಟರಸ್ ಎಂದರೆ ಹುರುಪು ಹೆಚ್ಚಾಗಿದೆ ಎಂದು ನಕ್ಕಂತೆ. ನಾಯ್ಸಿ ಎಂದರೆ ತಲೆನೋವು ಬಂದಿದೆ ಎಂದಂತೆ. ವೊಸಿಫರಸ್ ಎಂದರೆ ಏನನ್ನೋ ಪಟ್ಟುಹಿಡಿದು ಕೇಳುತ್ತಿದ್ದಾರೆ, ಹೋಗಿ ವಿಚಾರಿಸಬೇಕು. ರೌಡಿ ಎಂದರೆ ಬೆತ್ತ ಹುಡುಕಿದಂತೆ. ಹುಡುಗರು ಅವರೇ, ಸದ್ದೂ ಅಷ್ಟೇ. ಸ್ಟೆಂಟೋರಿಯನ್ ಎಂಬುದಂತೂ ಗುಂಪಿಗೆ ಒಪ್ಪುವುದೇ ಇಲ್ಲ. ಅದು ಹೋಮರನ ‘ಇಲಿಯಡ್’ನಲ್ಲಿ ಬರುವ ಸ್ಟೆಂಟರ್ ಎಂಬವನ ಹೆಸರಿನಿಂದ ಬಂದದ್ದು, ಅವನ ಒಂದು ಕಂಠ ಐವತ್ತು ಜನರ ಕೂಗಿಗೆ ಸಮವಂತೆ. ಮೈಕು ಇಲ್ಲದ ಕಾಲದ ನಮ್ಮ ಕೆಲವು ಭಾಗವತರಿಗೆ ಅದನ್ನು ಧಾರಾಳವಾಗಿ ಹೇಳಬಹುದು.

ಬೆಡ್ಲಮ್ ಪದವನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. 1247ರಲ್ಲಿ ಲಂಡನ್ನಿನಲ್ಲಿ ಬೆಥ್ಲೆಹೆಮ್ ಹೆಸರಿನ ಒಂದು ಧರ್ಮಸಂಸ್ಥೆ ಆರಂಭವಾಯಿತು. ಕಾಲಾನಂತರ ಅದು ಮನೋರೋಗಿಗಳ ಆಸ್ಪತ್ರೆಯಾಯಿತು. ಜನರ ಬಾಯಲ್ಲಿ ಅದರ ಹೆಸರು ಸವೆದು ಬೆಡ್ಲಮ್ ಆಯಿತು. ಹದಿನೆಂಟನೆಯ ಶತಮಾನದಲ್ಲಿಯೂ ಹೊರಗಿನ ಜನ ಅಲ್ಲಿಗೆ ಮೋಜಿಗಾಗಿ, ರೋಗಿಗಳನ್ನು ನೋಡಲು ಹೋಗುತ್ತಿದ್ದರು. ಅಲ್ಲಿ ಕೇಳಿಬಂದ ನರಳಾಟವೇ ಇಂದು ನಮ್ಮ ಮಕ್ಕಳ ‘ಸಮಾನಾರ್ಥಕ’ವಾಗಿದೆ. ನಮ್ಮಲ್ಲಿಯೂ ‘ಹುಚ್ಚರ ಸಂತೆ’ ಎಂಬ ಮಾತಿದೆ, ಅದೇನೂ ಹೆಮ್ಮೆಪಡತಕ್ಕದ್ದಲ್ಲ. ಆದರೆ ಅದನ್ನಾಡುವ ಕನ್ನಡದ ಹುಡುಗನಿಗೆ ತಾನು ಏನು ಹೇಳುತ್ತಿದ್ದೇನೆಂಬುದಾದರೂ ಗೊತ್ತಿರುತ್ತದೆ.

ಎಲ್ಲಕ್ಕಿಂತ ಅಪಾಯದ ಪದ ರೌಡಿ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಈ ಪದಕ್ಕೆ ಇಂಗ್ಲಿಷಿನಲ್ಲಿ ಈಗ ಗದ್ದಲಗಾರ, ಅಂಕೆಯಿಲ್ಲದವ ಎಂಬಷ್ಟು ಹಗುರವಾದ ಅರ್ಥವೂ ಉಂಟು. ಮದುವೆಯ ಮುನ್ನಾದಿನ ಗೆಳೆಯರು ಸೇರಿ ಕುಣಿದರೂ ಅಲ್ಲಿ ಅದು ರೌಡಿ ಕೂಟವೇ. ಕನ್ನಡದ ಕಿವಿಗೆ ಹಾಗಲ್ಲ. ನಮ್ಮಲ್ಲಿ ರೌಡಿ ಎಂದರೆ ಮಚ್ಚು ಹಿಡಿದವನು. ಪೊಲೀಸ್ ಠಾಣೆಯಲ್ಲಿ ರೌಡಿ ಶೀಟ್ ತೆರೆದರೆಂದರೆ ಆ ಹೆಸರು ಸುಲಭವಾಗಿ ಅಳಿಯುವುದಿಲ್ಲ. ನಾನು ಬಲ್ಲ ಒಂದು ಶಾಲೆಯಲ್ಲಿ ಉಪಾಧ್ಯಾಯರೊಬ್ಬರು ಎಂಟನೆಯ ತರಗತಿಯ ಹುಡುಗನ ಪ್ರಗತಿಪತ್ರದಲ್ಲಿ ಅವನ ನಡತೆಯನ್ನು ಈ ಒಂದು ಪದದಿಂದ ಬಣ್ಣಿಸಿದರು. ಅವನು ಮಾಡಿದ್ದು ಬೆಂಚು ಬಡಿದು ಹಾಡಿದ್ದು, ಅಷ್ಟೇ. ತಂದೆ ಹೋಟೆಲಿನಲ್ಲಿ ದೋಸೆ ಹುಯ್ಯುವವರು. ಆ ಇಡೀ ಪತ್ರದಲ್ಲಿ ಅವರಿಗೆ ಅರ್ಥವಾದ ಇಂಗ್ಲಿಷ್ ಪದ ಅದೊಂದೇ. ಮೇಷ್ಟರೇ ಬರೆದ ಮೇಲೆ ಇನ್ನೇನು ಎಂದು ಮಗನನ್ನು ಶಾಲೆ ಬಿಡಿಸಿ ಗ್ಯಾರೇಜಿಗೆ ಸೇರಿಸಿದರು. ಬರೆದವರನ್ನು ಕೇಳಿದಾಗ ಬಂದ ಉತ್ತರ: “ಗದ್ದಲ ಮಾಡುತ್ತಾನೆ ಅನ್ನುವ ಅರ್ಥದಲ್ಲಿ ಬರೆದೆ, ಸಾರ್.” ಅವರೂ ಇಂಥದೇ ಪಟ್ಟಿಯನ್ನು ಕಂಠಪಾಠ ಮಾಡಿ ಬಂದವರಿರಬೇಕು.

“ಪರೀಕ್ಷೆಗೆ ಇಷ್ಟೇ ಸಾಕು, ಮಕ್ಕಳಿಗೆ ಇಷ್ಟೆಲ್ಲ ಸೂಕ್ಷ್ಮ ತಿಳಿಯುವುದಿಲ್ಲ” ಎಂಬ ಸಮರ್ಥನೆಯನ್ನು, ಈಗ ತಾವೇ ಮೇಷ್ಟರಾಗಿರುವ ನನ್ನ ಶಿಷ್ಯರ ಬಾಯಿಂದಲೂ ಕೇಳಿದ್ದೇನೆ. ತಿಳಿಯುವುದಿಲ್ಲವೇ? ಕಡಲು ಮೊರೆಯುತ್ತದೆ, ಜಲಪಾತ ಭೋರ್ಗರೆಯುತ್ತದೆ, ಹಕ್ಕಿಗಳದ್ದು ಕಲರವ, ಬಣ್ಣದ ವೇಷದ್ದು ಆರ್ಭಟ, ಹಿಂದಿನ ಬೆಂಚಿನದು ಗುಸುಗುಸು ಎಂದು ಯಾವ ಮಗುವಿಗೆ ಹೇಳಿಕೊಡಬೇಕಾಗಿದೆ? ಗಿಳಿಗಳು ಆರ್ಭಟಿಸಿದವು ಎಂದರೆ ಮೂರನೆಯ ತರಗತಿಯ ಮಗು ನಗುತ್ತದೆ. ಮನೆಯಲ್ಲಿಯೇ ಇರುವ ಈ ವಿವೇಕವನ್ನು ಮುಂದಿಟ್ಟುಕೊಂಡು ಇಂಗ್ಲಿಷಿಗೆ ಕರೆದೊಯ್ಯುವ ಬದಲು ಎಲ್ಲದರ ಮೇಲೂ ‘ಗದ್ದಲ’ ಎಂಬ ಒಂದೇ ಚೀಟಿ ಅಂಟಿಸುತ್ತಿದ್ದೇವೆ. ಇದರಿಂದ ಇಂಗ್ಲಿಷೂ ಬರಲಿಲ್ಲ, ಕನ್ನಡವೂ ಬಡವಾಯಿತು. ಈಗಿನ ಹುಡುಗರಿಗೆ ಕಡಲಿಗೂ ಟೀವಿಗೂ ಪಕ್ಕದ ಮನೆಯ ಮಿಕ್ಸಿಗೂ ಇರುವುದು ಒಂದೇ ಪದ: ‘ಸೌಂಡು’.

ಪಾಠ ಮಾಡುವ ಶಿಷ್ಯರು ಒಂದು ಸಲ ಹೀಗೆ ಮಾಡಿ ನೋಡಿ. ಪಟ್ಟಿಯ ಒಂದೊಂದು ಪದಕ್ಕೂ ಎರಡು ಪ್ರಶ್ನೆ ಕೇಳಿ: ಸದ್ದು ಮಾಡಿದವರು ಯಾರು? ಈ ಪದವನ್ನು ಆಡಿದವನು ಅವರನ್ನು ಏನೆಂದು ತಿಳಿದಿದ್ದಾನೆ? ಒಂದು ಪೀರಿಯಡ್ಡಿಗೆ ಮೂರು ಪದವಾದರೂ ಸಾಕು. ತಂದೆತಾಯಂದಿರಾಗಿರುವವರು ಮಕ್ಕಳ ಪ್ರಗತಿಪತ್ರದಲ್ಲಿ ಅಂಕಗಳ ಕೆಳಗಿರುವ ಸಾಲನ್ನೂ ಓದಿ. ಅಲ್ಲಿ ಇಂಥ ಪದವೇನಾದರೂ ಕಂಡರೆ ಮನೆಯಲ್ಲಿ ಮಗುವನ್ನು ಗದರುವ ಮೊದಲು ಶಾಲೆಗೆ ಹೋಗಿ, ಬರೆದವರನ್ನು ವಿನಯದಿಂದಲೇ ಕೇಳಿ: “ಸ್ವಾಮಿ, ಇದನ್ನು ಯಾವ ಅರ್ಥದಲ್ಲಿ ಬರೆದಿರಿ?”