ಸುಳ್ಯ, ಪುತ್ತೂರು ರಬ್ಬರ್ ತೋಟಗಳ ತಮಿಳು ಕಾರ್ಮಿಕರ ಜಾತಿ ಪ್ರಮಾಣಪತ್ರ ಮತ್ತು ವಸತಿ: ಕರ್ನಾಟಕ ಸರ್ಕಾರಕ್ಕೆ ಮನವಿ ಪತ್ರ

ಸುಳ್ಯ, ಪುತ್ತೂರು ತಾಲ್ಲೂಕುಗಳಲ್ಲಿರುವ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳು ನಿಂತಿರುವುದು ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳ ದುಡಿಮೆಯ ಮೇಲೆ. ಅಲ್ಲಿನ ಚಹಾ ತೋಟಗಳಲ್ಲಿ ತಲೆಮಾರುಗಟ್ಟಲೆ ದುಡಿದ ಇವರ ಹಿರಿಯರಿಗೆ 1948ರ ಸಿಲೋನ್ (ಇಂದಿನ ಶ್ರೀಲಂಕಾ) ಪೌರತ್ವ ಕಾಯ್ದೆ ಪೌರತ್ವ ಕೊಡಲಿಲ್ಲ. 1964ರ ಅಕ್ಟೋಬರ್ 30ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ 5,25,000 ಮಂದಿಯನ್ನು ಕರೆಸಿಕೊಳ್ಳಲು ಭಾರತ ಒಪ್ಪಿಕೊಂಡಿತು. ಅವರಲ್ಲಿ ಒಂದು ಪಾಲು ಈ ತೋಟಗಳಿಗೆ ಬಂತು. ಇವರು ಕೂಲಿ ಹುಡುಕಿಕೊಂಡು ಬಂದವರಲ್ಲ, ಇವರನ್ನು ಸರ್ಕಾರವೇ ಕರೆತಂದು ನೆಲೆಗೊಳಿಸಿತು.

ಬೆಳಕು ಹರಿಯುವ ಮೊದಲೇ ಕೆಲಸ ಶುರು. ತಂಪಿದ್ದಾಗಲೇ ರಬ್ಬರ್ ಮರದ ಹಾಲು ಚೆನ್ನಾಗಿ ಇಳಿಯುತ್ತದೆ. ತೊಗಟೆಯನ್ನು ಎಳೆಯಷ್ಟೇ ಕೆತ್ತಬೇಕು, ಕತ್ತಿ ಆಳಕ್ಕಿಳಿದರೆ ಮರ ಕೆಡುತ್ತದೆ. ಗೆರಟೆ ತುಂಬಿದ ಹಾಲನ್ನು ಬಕೆಟ್‌ಗೆ ಬಗ್ಗಿಸಿ, ಗುಡ್ಡದ ಇಳಿಜಾರಿನಲ್ಲಿ ಹೊತ್ತು ತರಬೇಕು. ಮಳೆ ಹಿಡಿದರೆ ಹಾಲು ಇಳಿಸುವ ಈ ಕೆಲಸ (ಟ್ಯಾಪಿಂಗ್) ನಿಲ್ಲುತ್ತದೆ. ದಿನಗೂಲಿಯವರಿಗೆ ಅಂದಿನ ಸಂಬಳವೂ ನಿಲ್ಲುತ್ತದೆ. ಈ ಜಿಲ್ಲೆಯ ಮಳೆಗಾಲದ ಉದ್ದ ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಮಕ್ಕಳು ಕನ್ನಡ ಶಾಲೆಯಲ್ಲಿ ಕಲಿತು, ಪೇಟೆಯಲ್ಲಿ ತುಳು ಆಡಿದರೂ ಊರವರ ಬಾಯಲ್ಲಿ ಇವರು ಈಗಲೂ 'ಸಿಲೋನ್‌ನವರು'. ಜಾತಿ ಪ್ರಮಾಣಪತ್ರಕ್ಕೆ ಹೋದಾಗ ಎದುರಾಗುವ ಕಚೇರಿಯ ತೊಡಕು ಇನ್ನೂ ದೊಡ್ಡದು. ಪರಿಶಿಷ್ಟ ಜಾತಿಗಳ 1950ರ ಆದೇಶ ರಾಜ್ಯವಾರು ಪಟ್ಟಿಯದು. ಇವರಲ್ಲಿನ ಪಳ್ಳನ್, ಪರೈಯನ್ ಜಾತಿಗಳ ಹೆಸರುಗಳು ಕರ್ನಾಟಕದ ಪಟ್ಟಿಯಲ್ಲೂ ಇವೆ. ಮುಗ್ಗರಿಸುವುದು ಹೆಸರಿನಲ್ಲಲ್ಲ, ಪುರಾವೆಯಲ್ಲಿ: ವಲಸೆ ಬಂದವರು ತಂದೆಯ ಮೂಲ ರಾಜ್ಯದ ದಾಖಲೆ ತರಬೇಕು. ಈ ತಂದೆಯಂದಿರು ಹುಟ್ಟಿದ್ದು ಸಿಲೋನಿನ ತೋಟಗಳ ಲೈನ್ ಮನೆಗಳಲ್ಲಿ. ಮುತ್ತಜ್ಜ ಸಿಲೋನಿಗೆ ಹಡಗು ಹತ್ತಿದಾಗ 'ಪರಿಶಿಷ್ಟ ಜಾತಿ' ಎಂಬ ಮಾತೇ ಕಾನೂನಿನಲ್ಲಿರಲಿಲ್ಲ. ಹಳೆಯ ಊರಿನ ಜಾಡು ಹಿಡಿಯಬೇಕಾದರೆ ತಮಿಳುನಾಡಿನ ಕಚೇರಿಗಳನ್ನೇ ಸುತ್ತಬೇಕು. ಈ ಮನವಿ ಚೆನ್ನೈನಿಂದ ಸಲ್ಲುತ್ತಿರುವುದೂ ಅದಕ್ಕೇ.

ಆದ್ದರಿಂದ ಮರಳಿದ ಕುಟುಂಬಗಳಿಗೆ ಸರ್ಕಾರವೇ ಕೊಟ್ಟ ಕುಟುಂಬ ಪತ್ರ ಮತ್ತು ಸ್ಥಳ ವಿಚಾರಣೆಯ ಆಧಾರದ ಮೇಲೆ ಜಾತಿ ಪ್ರಮಾಣಪತ್ರ ಕೊಡಬೇಕು. ಅಗತ್ಯ ದಾಖಲೆಗಳನ್ನು ತಮಿಳುನಾಡಿನಿಂದ ತರಿಸಿಕೊಳ್ಳುವ ಹೊಣೆ ಕೂಲಿಯವನದಲ್ಲ, ಕಂದಾಯ ಇಲಾಖೆಯದಾಗಬೇಕು. ಮಳೆ ದಿನಗಳಲ್ಲಿ ಕಳೆ, ಗೊಬ್ಬರ, ನರ್ಸರಿಯಂಥ ಬದಲಿ ಕೆಲಸವನ್ನೋ ಕನಿಷ್ಠ ಭತ್ಯೆಯನ್ನೋ ನಿಗಮ ಒದಗಿಸಲಿ. ಕೆಲಸದೊಂದಿಗೇ ಮನೆಯೂ ಹೋಗುವಂತಿರಬಾರದು: ನಿವೃತ್ತರಾದವರಿಗೆ ನಿವೇಶನ ಸಿಗುವವರೆಗೆ ನಿಗಮದ ಕ್ವಾರ್ಟರ್ಸ್ ಬಿಡಿಸಬಾರದು.

ಸ್ಥಳ: ಅಣ್ಣಾ ನಗರ್, ಚೆನ್ನೈ