ಕಂಬಳಿ ಕಂಡರೆ ನಗುವುದೇಕೆ?

 

ಕಳೆದ ಮಳೆಗಾಲದಲ್ಲಿ ನಮ್ಮ ತಾತ ಕಂಬಳಿ ಕೊಪ್ಪೆ ಹಾಕ್ಕೊಂಡು ಗುಬ್ಬಿ ಬಸ್ಸು ಹತ್ತಿದರು. ಹಿಂದಿನ ಸೀಟಿನ ಹುಡುಗರು "ಕರಡಿ ಬಂತು ಕರಡಿ" ಎಂದು ನಕ್ಕರು. ನಿಜ ಹೇಳ್ತೀನಿ, ನಾನೂ ತಾತನ ಗುರುತೇ ಇಲ್ಲದವನ ಹಾಗೆ ಕಿಟಕಿ ಕಡೆ ತಿರುಗಿಕೊಂಡೆ. ಅವತ್ತಿನಿಂದ ತಾತ ಊರಾಚೆ ಹೋಗುವಾಗ ಕಂಬಳಿ ಮುಟ್ಟಿಲ್ಲ. ಆ ತಪ್ಪಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಕಂಬಳಿ ಸುಮ್ಮನೆ ಆಗುವುದಿಲ್ಲ. ಕುರಿಯ ಉಣ್ಣೆ ಕತ್ತರಿಸಿ, ಹಿಂಜಿ, ಕೈಯಲ್ಲೇ ನೂತು, ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ, ಮಗ್ಗದಲ್ಲಿ ನೇಯಬೇಕು. ಕರಿ ಕುರಿಯ ಉಣ್ಣೆಗೆ ಬಣ್ಣವೂ ಬೇಡ. ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಂಬಳಿಗೆ ಹೆಸರುವಾಸಿ. ಕುರುಬರು ದೇವರ ಕಾರ್ಯಕ್ಕೆ ಕಂಬಳಿಯನ್ನೇ ಗದ್ದುಗೆ ಹಾಸುತ್ತಾರೆ. ದೊಡ್ಡವರಿಗೆ ವೇದಿಕೆ ಮೇಲೆ ಕಂಬಳಿ ಹೊದಿಸಿದರೆ ಎಲ್ಲರೂ ಚಪ್ಪಾಳೆ ತಟ್ಟುತ್ತೇವೆ. ಅದೇ ಕಂಬಳಿ ಕುರಿ ಕಾಯುವವರ ಹೆಗಲ ಮೇಲಿದ್ದರೆ ನಗುತ್ತೇವೆ. ಇದು ಯಾವ ನ್ಯಾಯ?

ದೂರದ ಪೆರು ದೇಶದ ಬೆಟ್ಟದ ಜನರೂ ಪೊಂಚೊ ಎಂಬ ಉಣ್ಣೆಯ ಹೊದಿಕೆ ತೊಡುತ್ತಾರೆ. ನಡುವೆ ತಲೆ ತೂರಿಸಲು ಕಿಂಡಿ ಇರುತ್ತೆ. ನಮ್ಮ ಕಂಬಳಿಗೆ ನೆಂಟನೇ ಸರಿ! ಅಲ್ಲಿನ ಟಿಟಿಕಾಕಾ ಸರೋವರದ ತಕೀಲೆ ದ್ವೀಪದಲ್ಲಿ ಗಂಡಸರೇ ಟೋಪಿ ಹೆಣೆದು ಹಾಕಿಕೊಳ್ಳುತ್ತಾರೆ. ಆ ದ್ವೀಪದ ನೇಯ್ಗೆಯನ್ನು ೨೦೦೫ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯ ಮೇರುಕೃತಿಗಳಲ್ಲಿ ಒಂದೆಂದು ಸಾರಿತು. ದಿನವೂ ಉಡುವವರು ಇದ್ದರೆ ತಾನೇ ನೇಯ್ಗೆ ಉಳಿಯೋದು?

"ಕಂಬಳಿ ಚುಚ್ಚುತ್ತೆ, ನೆನೆದರೆ ಭಾರ" ಅಂತ ಕೆಲವರು ಹೇಳ್ತಾರೆ. ಒಪ್ಪಿದೆ. ಸ್ವೆಟರ್ ಬಿಡಿ ಎಂದು ನಾನು ಹೇಳುತ್ತಿಲ್ಲ. ಕಂಬಳಿ ಹೊದ್ದವರನ್ನು ನೋಡಿ ನಗಬೇಡಿ, ಅಷ್ಟೇ.

ಈ ಸಲ ನವೆಂಬರ್ ೧ರ ರಾಜ್ಯೋತ್ಸವಕ್ಕೆ ಬಾಡಿಗೆ ವೇಷ ಬೇಡ. ಮನೆಯ ಪೆಟ್ಟಿಗೆಯಲ್ಲಿರುವ ಅಜ್ಜಿಯ ಸೀರೆ, ತಾತನ ರುಮಾಲು, ಪಂಚೆ, ಕಂಬಳಿ ತರೋಣ. ಯಾರು ನೇಯ್ದದ್ದು, ಯಾವ ಸಂತೇಲಿ ಕೊಂಡದ್ದು ಎಂದು ಅವರನ್ನೇ ಕೇಳಿ, ಇದೇ ಗೋಡೆ ಪತ್ರಿಕೆಯಲ್ಲಿ ಬರೆಯೋಣ. ಗುರುಗಳು ಒಪ್ಪಿಗೆ ಕೊಡಬೇಕು.

ನಾನು ತಾತನ ಕಂಬಳಿ ಹೊದ್ದು ಬರ್ತೀನಿ. ತಾತನನ್ನೂ ಕರೆಯಬೇಕು ಅಂತಿದ್ದೀನಿ. ಅವರು ಬಂದರೆ ದಯವಿಟ್ಟು ಮುಂದಿನ ಸಾಲಿನಲ್ಲಿ ಜಾಗ ಬಿಡಿ.

– ಒಂಬತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ, ಮರಳೂರು